ಕೂಲರ್ ಮುಂದಿನ ಜಗಳ ಬಿಡಿಸುವುದು ಹೇಗೆ?

ಕಲಬುರಗಿಯ ಮೇ ತಿಂಗಳು. ಹೊರಗೆ 42 ಡಿಗ್ರಿ ಬಿಸಿಲು, ಶಾಲೆಗೆ ರಜೆ, ಮನೆಗೊಂದೇ ಕೂಲರ್. ಅದರ ಮುಂದೆ ಆರು ವರ್ಷದ ಅಕ್ಕ, ಮೂರು ವರ್ಷದ ತಮ್ಮ. ‘ಅವ್ವಾ, ಇಂವ ನನ್ನ ಜಾಗ ಕಸ್ಕೊಂಡ!’ ಅನ್ನುವ ಕೂಗು ಬರಲು ಎಷ್ಟು ಹೊತ್ತು ಬೇಕು?

ಮೊದಲು ಇಬ್ಬರ ನಡುವೆ ಹೋಗಿ ಕುಳಿತುಬಿಡಿ. ಎತ್ತಿದ ಕೈಯನ್ನು ಮೆಲ್ಲಗೆ ಹಿಡಿದು ‘ಹೊಡಿಲಿಕ್ಕೆ ಬಿಡಂಗಿಲ್ಲ’ ಅಂದರೆ ಸಾಕು. ಯಾರು ಶುರು ಮಾಡಿದ್ದು ಎಂದು ಕೇಳಬೇಡಿ. ಇಬ್ಬರ ಬಳಿಯೂ ಉತ್ತರ ಸಿದ್ಧವಿರುತ್ತದೆ, ಎರಡರಲ್ಲೂ ತಪ್ಪು ಇನ್ನೊಬ್ಬರದೇ!

ಆಮೇಲೆ ಸಿಟ್ಟಿಗೆ ಹೆಸರು ಕೊಡಿ. ಜಾಸ್ತಿ ಹೊತ್ತು ಬೇಕಾಗುವುದು ಇಲ್ಲೇ. ಮೂರು ವರ್ಷದ ಮಗುವಿಗೆ ಸಿಟ್ಟು ಬರುತ್ತದೆ, ಅದನ್ನು ಹೇಳುವ ಮಾತು ಇನ್ನೂ ಬಂದಿರುವುದಿಲ್ಲ. ಅದಕ್ಕೇ ಕೈ ಎತ್ತುತ್ತದೆ, ಕಚ್ಚುತ್ತದೆ. ಸಿಟ್ಟಿಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದೇ 25ರ ಆಸುಪಾಸಿನಲ್ಲಿ. ಆದ್ದರಿಂದ ಮಗುವಿನ ಪರವಾಗಿ ನೀವೇ ಹೇಳಿ: ‘ಅಕ್ಕ ನೂಕಿದ್ಳು, ನಿಂಗ ಸಿಟ್ಟು ಬಂದದ, ಹೌದಲ್ಲ?’ ಅಕ್ಕನಿಗೂ ಅಷ್ಟೇ: ‘ನೀ ಮೊದಲ ಕುಂತಿದ್ದಿ, ಬ್ಯಾಸರ ಆಗ್ಯಾದ.’ ‘ನೀ ದೊಡ್ಡಾಕಿ, ಬಿಟ್ಟುಕೊಡು’ ಎಂಬ ಮಾತು ಮಾತ್ರ ಬೇಡ. ಆ ಹೊತ್ತಿಗೆ ಜಗಳ ನಿಲ್ಲುತ್ತದೆ ನಿಜ, ಆದರೆ ತಮ್ಮ ಹುಟ್ಟಿದ್ದರಿಂದ ತನಗೆ ನಷ್ಟವೇ ಆಯಿತೆಂದು ಅಕ್ಕನಿಗೆ ಅನಿಸತೊಡಗುತ್ತದೆ. ಮನೆಯ ದೊಡ್ಡ ಮಗಳಾಗಿ ಬೆಳೆದವರನ್ನು ಬೇಕಾದರೆ ಕೇಳಿ ನೋಡಿ.

ಅಳು ನಿಲ್ಲದಿದ್ದರೆ? ‘ದೀರ್ಘವಾಗಿ ಉಸಿರಾಡು’ ಎಂದರೆ ಮಗುವಿಗೆ ತಿಳಿಯದು. ಅಂಗೈ ಚಾಚಿ, ಇದರ ಮೇಲೆ ಬಿಸಿ ರೊಟ್ಟಿ ಇದೆ ಅನ್ನಿ. ಮೂಸಿ ನೋಡಲಿ, ಆಮೇಲೆ ಮೆಲ್ಲಗೆ ಊದಿ ಆರಿಸಲಿ. ನಾಲ್ಕೈದು ಸಲ ಹೀಗೆ ಉದ್ದಕ್ಕೆ ಉಸಿರು ಬಿಟ್ಟರೆ ಎದೆಬಡಿತ ಇಳಿಯುತ್ತದೆ. ಅಷ್ಟರಲ್ಲಿ ರೊಟ್ಟಿ ತಿನ್ನಲು ಅಕ್ಕನೂ ಬಂದಿರುತ್ತಾಳೆ.

ಇಬ್ಬರೂ ತಣ್ಣಗಾದ ಮೇಲೆ ಪಾಳಿ. ಪುಟ್ಟ ಮಗುವಿಗೆ ‘ಐದು ನಿಮಿಷ’ ಗೊತ್ತಾಗುವುದಿಲ್ಲ, ಕುಕ್ಕರ್ ಸೀಟಿ ಗೊತ್ತಾಗುತ್ತದೆ. ತೊಗರಿ ಬೇಳೆಗೆ ಇಟ್ಟಿದ್ದರೆ ಮೊದಲ ಎರಡು ಸೀಟಿ ಅಕ್ಕನಿಗೆ, ಮುಂದಿನ ಎರಡು ತಮ್ಮನಿಗೆ. ಹೇಗೆ ಹಂಚಿಕೊಳ್ಳೋಣ ಎಂದು ಅವರನ್ನೇ ಕೇಳಿದರೆ ಇನ್ನೂ ಒಳ್ಳೆಯದು.

ಮಧ್ಯಾಹ್ನದ ಎಷ್ಟೋ ಜಗಳಕ್ಕೆ ಹಸಿವು, ನಿದ್ದೆ, ಸೆಕೆಯೇ ಕಾರಣ. ಊಟ ಬೇಗ ಬಡಿಸಿ. ಸಂಜೆ ಊರಿನ ‘ಅಪ್ಪನ ಕೆರೆ’ ಕಡೆ ಹೋಗುವಾಗ ಒಂದು ದಿನ ಒಬ್ಬರನ್ನು, ಮರುದಿನ ಇನ್ನೊಬ್ಬರನ್ನು ಕರೆದೊಯ್ಯಿರಿ.

ಮತ್ತೆ ಮತ್ತೆ ಗಾಯವಾಗುವಂತೆ ಹೊಡೆಯುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಕೂಡ ಇದೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.