ಬಟಾಟೆ ಬೀಜ: ಕೊಯ್ದಾಗಿನಿಂದ ಮಣ್ಣಿಗೆ ಬೀಳುವ ತನಕ

ಧಾರವಾಡ ಸೀಮೆಯ ಮುಂಗಾರಿ ಬಟಾಟೆಯಲ್ಲಿ ಸಾಲುಗಳಲ್ಲಿ ಅಲ್ಲಲ್ಲಿ ಗಿಡವೇಳದೆ ಖಾಲಿ ಬಿದ್ದರೆ ಎಲ್ಲರೂ ಮಳೆಯನ್ನು ದೂರುತ್ತಾರೆ. ಖಾಲಿ ಜಾಗ ಕೆದರಿ ನೋಡಿದರೆ ಸಿಗುವುದು ಬೀಜಕ್ಕೆಂದು ಕೊಯ್ದು ನೆಟ್ಟ ಗಡ್ಡೆಯ ಕೊಳೆತು ನಾರುವ ಹೋಳು. ಕೊಯ್ದ ಗಾಯ ಮಾಯುವ ಮೊದಲೇ ಅದನ್ನು ಹಸಿ ಮಣ್ಣಿಗೆ ಹಾಕಿರುತ್ತಾರೆ. ಹಿಂಗಾರಿಯ ಒಣ ಹವೆಯಲ್ಲಿ ಇದು ಹೇಗೋ ನಡೆದೀತು. ಮೃಗಶಿರಾ, ಆರಿದ್ರಾ ಮಳೆಯ ತೇವದಲ್ಲಿ ನಡೆಯುವುದಿಲ್ಲ.

ನಮಗೆ ಬೀಜ ಬರುವುದು ಪಂಜಾಬಿನಿಂದ. ಅಲ್ಲಿ ಚಳಿಗಾಲದಲ್ಲಿ ನಂಜು (ವೈರಸ್) ಹರಡುವ ಸಸ್ಯಹೇನು ಕಡಿಮೆ. ಜನವರಿಯಲ್ಲಿ ಅದು ಏರುವ ಮೊದಲೇ ಗಿಡದ ಸೊಪ್ಪು ಕೊಯ್ದುಬಿಡುತ್ತಾರೆ, ಹಾಗಾಗಿ ನಂಜು ರೋಗ ಗಡ್ಡೆಗೆ ಇಳಿಯುವುದು ಕಡಿಮೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ರೂಢಿಗೆ ತಂದ ಪದ್ಧತಿ ಇದು. ನಮ್ಮ ಮಳೆಗಾಲದ ಬೆಳೆಯನ್ನೇ ವರ್ಷವರ್ಷ ಬೀಜಕ್ಕೆ ಇಟ್ಟುಕೊಂಡರೆ ನಂಜು ಕೂಡುತ್ತಾ ಹೋಗಿ ಗಡ್ಡೆ ಸಣ್ಣದಾಗುತ್ತದೆ. ತಳಿಗಳಲ್ಲಿ 1968ರ ಕುಫ್ರಿ ಜ್ಯೋತಿಯನ್ನು ಇಂದಿಗೂ ಜನ ಬಿಟ್ಟಿಲ್ಲ. ಆದರೆ ಎಲೆ, ಗಡ್ಡೆ ಕೊಳೆಸುವ ಅಂಗಮಾರಿ ರೋಗ ತಡೆಯುವ ಅದರ ಗುಣವನ್ನು ಈಗ ನಂಬಿ ಕೂರುವಂತಿಲ್ಲ.

ಕೋಲ್ಡ್ ಸ್ಟೋರೇಜಿನಿಂದ ಬಂದ ತಣ್ಣನೆಯ ಗಡ್ಡೆಗೆ ಹೊರಗಿನ ಗಾಳಿ ತಾಕಿದರೆ ಮೈ ಬೆವರುತ್ತದೆ. ಅದಕ್ಕೇ ಬಂದ ದಿನವೇ ಚೀಲ ಬಿಚ್ಚಿ, ಗಾಳಿಯಾಡುವ, ಮಂದ ಬೆಳಕಿನ ಪಡಸಾಲೆಯಲ್ಲಿ ತೆಳ್ಳಗೆ ಹರವುತ್ತೇವೆ. 10–15 ದಿನದಲ್ಲಿ ಮೊಳಕೆ ಗಿಡ್ಡಗೆ, ದಪ್ಪಗೆ ಏಳುತ್ತದೆ. ಕತ್ತಲಲ್ಲಿಟ್ಟರೆ ಬೆಳ್ಳಗೆ ಉದ್ದವಾಗಿ, ಕೈ ತಾಕಿದರೆ ಮುರಿಯುತ್ತದೆ. ತುದಿಯ ಕಣ್ಣೊಂದೇ ಚಿಗುರಿದ್ದರೆ ಆ ಮೊಳಕೆ ಮುರಿದುಹಾಕಿ. ಉಳಿದ ಕಣ್ಣುಗಳು ತಾವೇ ಏಳುತ್ತವೆ.

ಕೋಳಿಮೊಟ್ಟೆಗಿಂತ ಸಣ್ಣ ಗಡ್ಡೆಯನ್ನು ಕೊಯ್ಯಲೇಬೇಡಿ, ಇಡಿಯಾಗಿ ನೆಡಿ. ದೊಡ್ಡದನ್ನು ಕಣ್ಣು ಒತ್ತಾಗಿರುವ ತಲೆಯಿಂದ ಬುಡದ ಕಡೆಗೆ ಉದ್ದುದ್ದ ಸೀಳಬೇಕು. ಅಡ್ಡ ಕೊಯ್ದರೆ ಒಳ್ಳೆಯ ಕಣ್ಣೆಲ್ಲ ಒಂದೇ ಹೋಳಿಗೆ ಹೋಗುತ್ತವೆ. ಹೋಳಿಗೆ ಕನಿಷ್ಠ ಎರಡು ಕಣ್ಣು, 30–35 ಗ್ರಾಂ ತೂಕ ಇರಲಿ. ಸಾಲಿನಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 25 ಸೆಂ.ಮೀ. ಎಂದರೆ ಎಕರೆಗೆ ಸುಮಾರು 27,000 ಹೋಳು, ಅಂದರೆ 8ರಿಂದ 9.5 ಕ್ವಿಂಟಲ್ ಬೀಜ. ಬೀಜ ತುಟ್ಟಿ ಎಂದು 15 ಗ್ರಾಮಿಗೆ ಇಳಿಸಿದರೆ ಮಳೆ ಒಂದು ವಾರ ಹಿಂದೆ ಸರಿದರೂ ಆ ಹೋಳು ಬತ್ತಿಹೋಗುತ್ತದೆ.

ಕೊಯ್ಯುವವರ ಕೈಗೆ ಎರಡೆರಡು ಚಾಕು ಕೊಡಿ. ಒಂದು ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಲ್ಲಿ ನೆನೆಯುತ್ತಿರಲಿ, ಇನ್ನೊಂದು ಕೈಯಲ್ಲಿರಲಿ. ಸಿಪ್ಪೆಯ ಒಳಗೆ ಕಂದು ಉಂಗುರ ಕಂಡು, ಹಿಂಡಿದಾಗ ಹಾಲಿನಂಥ ಲೋಳೆ ಒಸರಿದರೆ ಅದು ದುಂಡಾಣುವಿನಿಂದ ಬರುವ ಸೊರಗು ರೋಗ. ಆ ಗಡ್ಡೆ ಆಚೆ ಹಾಕಿ ಕೂಡಲೇ ಚಾಕು ಬದಲಿಸಬೇಕು. ಇಲ್ಲದಿದ್ದರೆ ಅದೇ ಚಾಕು ಮುಂದಿನ ಗಡ್ಡೆಗಳಿಗೆಲ್ಲ ರೋಗ ಹಚ್ಚುತ್ತದೆ.

10 ಲೀಟರ್ ನೀರಿಗೆ 30 ಗ್ರಾಂ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಕಲಸಿ, ಹೋಳುಗಳನ್ನು 5–10 ನಿಮಿಷ ಅದ್ದಿ, ನೀರು ಬಸಿದು, ನೆರಳಲ್ಲಿ ಗೋಣಿಚೀಲದ ಮೇಲೆ ಒಂದೇ ಪದರವಾಗಿ ಹರವುತ್ತೇವೆ. ಮೊದಲ ದಿನ ಕೊಯ್ದ ಮುಖ ಹಸಿಯಾಗಿ ಹೊಳೆಯುತ್ತದೆ. ಮರುದಿನ ಹೊಳಪು ಸತ್ತು ಮಂಕಾಗುತ್ತದೆ. ಮೂರನೆಯ ದಿನದ ಹೊತ್ತಿಗೆ ಹೆಬ್ಬೆರಳು ಆಡಿಸಿದರೆ ಒಣ ಪೊರೆ ಕಟ್ಟಿರುವುದು ಕೈಗೆ ತಿಳಿಯುತ್ತದೆ. ಅದು ತಿಳಿಯುವ ತನಕ ನೆಡಬೇಡಿ, ಮಳೆ ಬಾ ಎಂದು ಕರೆಯುತ್ತಿದ್ದರೂ ಸರಿ. ಅವಸರಕ್ಕೆ ಬಿಸಿಲಿಗಿಟ್ಟರೆ ಮುಖ ಒಣಗಿ ಬಿರಿಯುತ್ತದೆಯೇ ಹೊರತು ಪೊರೆ ಕಟ್ಟುವುದಿಲ್ಲ. ಪೊರೆ ಕಟ್ಟಲು ತಂಪು, ಗಾಳಿ, ಸ್ವಲ್ಪ ಪಸೆ ಮೂರೂ ಬೇಕು. ರಾಶಿ ಹಾಕಿದರೆ ಗಾಳಿ ಸಿಗದೆ ಒಳಗೆ ಕಾವು ಏರಿ ಹೋಳು ಕಪ್ಪಾಗುತ್ತದೆ.

ಮಸಾರಿ (ಕೆಂಪು ಮಣ್ಣಿನ) ಹೊಲವೇ ಇದಕ್ಕೆ ಸರಿ. ಎರೆ (ಕಪ್ಪು ಮಣ್ಣು) ಆದರೆ ನೀರು ನಿಲ್ಲದ ಇಳಿಜಾರು ಇರಬೇಕು. ಕೊಯ್ದ ಮುಖ ಕೆಳಗೆ, ಕಣ್ಣು ಮೇಲೆ, 5–7 ಸೆಂ.ಮೀ. ಆಳ. ಮಳೆ ನಂಬಿದ ಬೆಳೆಗೆ ಎಕರೆಗೆ ಡಿಎಪಿ 65, ಪೊಟ್ಯಾಷ್ 65, ಯೂರಿಯಾ 40 ಕಿಲೋ. ಯೂರಿಯಾದಲ್ಲಿ ಅರ್ಧ ನೆಡುವಾಗ, ಅರ್ಧ ಮಣ್ಣೇರಿಸುವಾಗ. ಗೊಬ್ಬರ ಹೋಳಿಗೆ ತಾಕದಂತೆ ನಡುವೆ ಎರಡು ಬೆರಳು ಮಣ್ಣು ಬೇಕು, ಇಲ್ಲದಿದ್ದರೆ ಮೊಳಕೆ ಸುಡುತ್ತದೆ. ನೆಟ್ಟು ತಿಂಗಳಾದ ಮೇಲೆ ಗಿಡದ ಬುಡಕ್ಕೆ ಮಣ್ಣು ಎಳೆದು ಬೋದು ಏರಿಸಬೇಕು. ಬಿಸಿಲು ಕಂಡ ಗಡ್ಡೆ ಹಸಿರಾಗಿ ಕಹಿಯಾಗುತ್ತದೆ, ಅದರ ಕಣ್ಣಿನ ಬಳಿ ಪತಂಗ ಮೊಟ್ಟೆ ಇಡುತ್ತದೆ.

ಗಡ್ಡೆ ಕಟ್ಟಲು ರಾತ್ರಿ ತಂಪಿರಬೇಕು. ಜುಲೈ, ಆಗಸ್ಟಿನ ನಮ್ಮ ಮೋಡದ ಹವೆ ಅದಕ್ಕೆ ಒಪ್ಪುತ್ತದೆ. ಅಂಗಮಾರಿಗೂ ಬೇಕಾದದ್ದು ಇದೇ ಹವೆ. ನಾಲ್ಕು ದಿನ ಬಿಡದೆ ಜಿಟಿಜಿಟಿ ಹಿಡಿದರೆ ಬೆಳಿಗ್ಗೆ ಕೆಳಗಿನ ಎಲೆ ಮಗುಚಿ ನೋಡಿ: ನೀರು ಕುಡಿದಂಥ ಮಚ್ಚೆ, ಅದರ ಅಂಚಿನಲ್ಲಿ ಬಿಳಿ ಬೂಷ್ಟು ಇದ್ದರೆ ರೋಗ ಬಂದಿದೆ. ಅದಕ್ಕೂ ಮೊದಲೇ, ಗಿಡ ಒಂದಕ್ಕೊಂದು ಕೂಡುವಾಗ, ಲೀಟರಿಗೆ 2.5 ಗ್ರಾಂ ಮ್ಯಾಂಕೋಜೆಬ್ ಸಿಂಪಡಿಸಿರಬೇಕು. ಮಚ್ಚೆ ಕಂಡ ಮೇಲೆ ಮೆಟಲಾಕ್ಸಿಲ್–ಮ್ಯಾಂಕೋಜೆಬ್ ಮಿಶ್ರಣ ಲೀಟರಿಗೆ 2 ಗ್ರಾಂ, ಎಲೆಯ ತಳಕ್ಕೂ ತಾಗುವಂತೆ. ಒಂದು ಬೆಳೆಗೆ ಎರಡು ಸಲ ಸಾಕು. ಅದನ್ನೇ ಹೊಡೆಯುತ್ತಾ ಹೋದರೆ ರೋಗ ಅದಕ್ಕೆ ಬಗ್ಗುವುದಿಲ್ಲ.

ಕೀಳುವ 10 ದಿನ ಮೊದಲು ಸೊಪ್ಪು ಕೊಯ್ದು ಹೊಲದಾಚೆ ಹಾಕಿ. ಹೆಬ್ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಸುಲಿಯಬಾರದು. ಗಡ್ಡೆ ತೊಳೆಯಬೇಡಿ. ಅಂಗಮಾರಿ ಬಂದ ಹೊಲದ್ದಾದರೆ ಒಂದು ವಾರ ನೆರಳಲ್ಲಿ ಹರವಿಟ್ಟು, ಕಂದು ತಗ್ಗು ಬಿದ್ದವನ್ನು ಆರಿಸಿ ತೆಗೆದ ಮೇಲೆಯೇ ಚೀಲ ತುಂಬಿ ಅಮರಗೋಳದ ಎಪಿಎಂಸಿಗೆ ಒಯ್ಯುತ್ತೇವೆ.