ಕರಿ ವ್ಯಾಟಲ್, ಬೆಳ್ಳಿ ವ್ಯಾಟಲ್: ಚುಕ್ಕಿ ನೋಡಿ ಗೆದ್ದ ಕಥೆ

ಈ ಮಾರ್ಚಿನಲ್ಲಿ ಕೋಟಗಿರಿ ಪಕ್ಕದ ನಮ್ಮ ಹುಲ್ಲುಗಾವಲಿನಲ್ಲಿ ಹುಲ್ಲನ್ನು ನುಂಗುವ ಹೊರದೇಶದ ಮರ ವ್ಯಾಟಲ್‌ನ ಹೊಸ ಗಿಡ ಎಣಿಸಿದೆ. ಎಕರೆಗೆ 30-35 ಸಿಕ್ಕವು, ಅಷ್ಟೇ. ನಾಲ್ಕು ವರ್ಷದ ಹಿಂದೆ ಅಲ್ಲಿ ಕಾಲಿಡಲು ಜಾಗ ಇರಲಿಲ್ಲ. "ಸೀಗೆ ಮರ ಎಲ್ಲಾ ಒಂದೇ ಸಾರ್, ಕಡಿಯೋಕೆ ಎಲೆ ಯಾಕೆ ನೋಡ್ಬೇಕು?" ಎಂದಿದ್ದ ಅಕ್ಕಪಕ್ಕದವರು ಈಗ ನನ್ನ ಲೆನ್ಸ್ ಕೇಳಿಕೊಂಡು ಬರುತ್ತಿದ್ದಾರೆ.

ನೀಲಗಿರಿಯಲ್ಲಿ ವ್ಯಾಟಲ್‌ಗೆ ಸೀಗೆ ಮರ ಎನ್ನುತ್ತಾರೆ. ತಲೆಗೆ ಹಾಕುವ ಸೀಗೆಕಾಯಿ ಬೇರೆ, ಅದು ಮುಳ್ಳಿನ ಬಳ್ಳಿ. ನನ್ನ ಜಾಗದಲ್ಲಿ ಇದ್ದದ್ದು ಕರಿ ವ್ಯಾಟಲ್ (ಅಕೇಶಿಯಾ ಮೆರ್ನ್ಸಿಯೈ) ಮತ್ತು ಬೆಳ್ಳಿ ವ್ಯಾಟಲ್ (ಅಕೇಶಿಯಾ ಡೀಲ್ಬೇಟಾ). ಎರಡೂ ಆಸ್ಟ್ರೇಲಿಯಾದಿಂದ ಬಂದವು, ದೂರದಿಂದ ಒಂದೇ ಥರ.

ಮೊದಲ ವರ್ಷ ಅನುಮತಿ ಪಡೆದು, ಒಂದೂವರೆ ಎಕರೆಯಲ್ಲಿದ್ದ ಎಲ್ಲವನ್ನೂ ಬುಡಕ್ಕೆ ಕಡಿಸಿದೆ. ಕೂಲಿಗೇ ಸುಮಾರು 40 ಸಾವಿರ ಹೋಯಿತು. ಮಳೆ ಬಿದ್ದ ಮೇಲೆ ಒಂದು ಕಡೆ ಸುಮ್ಮನಿತ್ತು. ಇನ್ನೊಂದು ಕಡೆ ಬುಡದಿಂದ ನಾಲ್ಕೈದು ಮಾರು ದೂರದವರೆಗೂ ಬೇರಿನಿಂದಲೇ ಚಿಗುರು ಎದ್ದಿತು. ಮತ್ತೆ 18 ಸಾವಿರ ಕೊಟ್ಟು ಸವರಿಸಿದೆ. ಇನ್ನೂ ದಟ್ಟವಾಯಿತು! ಬೆಳ್ಳಿ ವ್ಯಾಟಲ್‌ನ ಗುಣವೇ ಅದು. ಕರಿಯದರ ಬಲ ಬೀಜದಲ್ಲಿ, ಮಣ್ಣಿನಲ್ಲಿ ಹತ್ತಾರು ವರ್ಷ ಕಾದು ಕೂತಿರುತ್ತದೆ. ಬೆಂಕಿ ತಗುಲಿದರೆ ಒಟ್ಟಿಗೆ ಮೊಳೆಯುತ್ತದೆ.

ತೊಗಟೆ ಮಾರಿ ಸ್ವಲ್ಪ ಹಣ ಎತ್ತೋಣ ಎಂದುಕೊಂಡೆ. ಚರ್ಮ ಹದ ಮಾಡಲು ಬೇಕಾಗುವುದು ಕರಿ ವ್ಯಾಟಲ್ ತೊಗಟೆ. ನನ್ನ ಲೋಡಿನಲ್ಲಿ ಎರಡೂ ಬೆರೆತಿತ್ತು. ವ್ಯಾಪಾರಿ ಲಾರಿ ವಾಪಸ್ ಕಳಿಸಿದ. ಬಾಡಿಗೆಯೂ ನನ್ನ ತಲೆಗೇ ಬಂತು. ಆಮೇಲೆ ತೊಗಟೆ ಕುದಿಸಿ, ತುಕ್ಕು ಹಿಡಿದ ಮೊಳೆ ಹಾಕಿ ಪರೀಕ್ಷೆ ಮಾಡಿದೆ. ಎರಡರ ನೀರೂ ಕಪ್ಪಾಯಿತು, ಉಪಯೋಗವಾಗಲಿಲ್ಲ. ಆ ನೀರಿನಲ್ಲಿ ಅದ್ದಿದ ಪಂಚೆಗೆ ಮಾತ್ರ ಒಳ್ಳೆಯ ಬೂದು ಬಣ್ಣ ಬಂತು, ಈಗಲೂ ಮಾಸಿಲ್ಲ.

ಎಲೆಯ ಬೆಳ್ಳಿ ಹೊಳಪನ್ನು ನಂಬಿಯೂ ಕೆಟ್ಟೆ. ನೆರಳಿನ ಕೊಂಬೆಯಲ್ಲಿ ಅದು ಸರಿಯಾಗಿ ಕಾಣುವುದಿಲ್ಲ. ಹೂವಿನ ತಿಂಗಳಂತೂ ಬೇಡವೇ ಬೇಡ. ಊಟಿಯಲ್ಲಿ ಬೆಳ್ಳಿ ವ್ಯಾಟಲ್ 1840ರ ದಶಕದಲ್ಲಿ ಅಕ್ಟೋಬರಿಗೆ ಅರಳುತ್ತಿತ್ತು, 1882ರ ಹೊತ್ತಿಗೆ ಜೂನ್‌ಗೆ ಬಂದಿತ್ತು ಎಂಬ ಹಳೆಯ ದಾಖಲೆ ಇದೆ. ಆಸ್ಟ್ರೇಲಿಯಾದ ಪುಸ್ತಕ ಹಿಡಿದು ಇಲ್ಲಿ ತಿಂಗಳು ಲೆಕ್ಕ ಹಾಕಿದರೆ ಹೊಂದುವುದಿಲ್ಲ, ಅಲ್ವಾ?

ಕೊನೆಗೆ ಕೈ ಹಿಡಿದದ್ದು 10 ಪಟ್ಟು ಲೆನ್ಸ್. ಎಲೆಯ ನಡುದಂಟನ್ನು ಮೇಲ್ಮುಖ ಮಾಡಿ ನೋಡಿ. ಗರಿಗಳ (ಕಿರು ಎಲೆ ಹೊತ್ತ ಕವಲುಗಳ) ಜೋಡಿ ಸೇರುವ ಕಡೆ ಗುಳ್ಳೆಯಂಥ ಚುಕ್ಕಿ ಇರುತ್ತದೆ. ಜೋಡಿಗೊಂದರಂತೆ ಅಚ್ಚುಕಟ್ಟಾಗಿದ್ದು, ನಡುವೆ ಖಾಲಿ ಇದ್ದರೆ ಬೆಳ್ಳಿ. ಎರಡು ಜೋಡಿಗಳ ನಡುವೆಯೂ ಅಡ್ಡಾದಿಡ್ಡಿ ಚುಕ್ಕಿ ಇದ್ದರೆ ಕರಿ. ಎಳೆ ತುದಿಯ ರೋಮ ಹೊಂಬಣ್ಣ ಇದ್ದರೆ ಕರಿ ಎಂದು ಇನ್ನೂ ಧೈರ್ಯ. ಬಿಸಿಲಿನ ಕೊಂಬೆಯ ಬಲಿತ ಎಲೆ ಐದಾದರೂ ನೋಡಬೇಕು. ಬೇರು ಚಿಗುರಿನ ಎಲೆ ನಂಬಬೇಡಿ. ನಾಲ್ಕಾರು ಮರಗಳಲ್ಲಿ ಕಿರು ಎಲೆ ಉದ್ದ, ಬಿಡಿಬಿಡಿ, ಕೊಂಬೆಗೆ ಎದ್ದು ಕಾಣುವ ಏಣು. ಅವು ಅಕೇಶಿಯಾ ಡೆಕುರೆನ್ಸ್ ಎಂಬ ಮೂರನೇ ಜಾತಿಯ ವ್ಯಾಟಲ್, ಅವನ್ನೂ ಬೆಳ್ಳಿಯ ಲೆಕ್ಕಕ್ಕೇ ಹಾಕಿದೆ.

ಉಳಿದ ಜಾಗದಲ್ಲಿ ಗುರುತು ಖಚಿತವಾದ ಮರಕ್ಕೆಲ್ಲ ಬಣ್ಣ ಬಳಿದೆ, ಕರಿಗೆ ಕೆಂಪು, ಬೆಳ್ಳಿಗೆ ಬಿಳಿ. ಕೆಂಪು ಬಣ್ಣದ ಕರಿ ವ್ಯಾಟಲನ್ನು ಕಾಯಿ ಬಲಿಯುವ ಮೊದಲೇ ಕಡಿಸಿದೆ, ಮಳೆಯಲ್ಲಿ ಸಸಿ ಕೈಯಲ್ಲೇ ಕೀಳಿಸಿದೆ. ಬಿಳಿ ಬಣ್ಣದ್ದನ್ನು ಕಡಿಯಲೇ ಇಲ್ಲ. ಸೊಂಟದ ಎತ್ತರದಲ್ಲಿ ಗೇಣಗಲ ತೊಗಟೆ ಸುತ್ತ ಸುಲಿಸಿ ನಿಂತಲ್ಲೇ ಒಣಗಲು ಬಿಟ್ಟೆ. ಒಂದೂವರೆ ವರ್ಷ ಹಿಡಿಯಿತು, ಆದರೆ ಬೇರು ಚಿಗುರು ಹತ್ತರಲ್ಲಿ ಒಂದಕ್ಕಿಳಿಯಿತು. ಯಾವ ತಿಂಗಳು ಸುಲಿಯುತ್ತೇನೆ, ಗಾಯಕ್ಕೆ ಏನು ಸವರುತ್ತೇನೆ ಎನ್ನುವುದನ್ನು ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ. ಎರಡನೇ ಲೋಡ್ ತೊಗಟೆಯನ್ನು ಅದೇ ವ್ಯಾಪಾರಿ ಮರುಮಾತಿಲ್ಲದೆ ತೆಗೆದುಕೊಂಡ. ಮೊದಲು ಕಳೆದುಕೊಂಡದ್ದರಲ್ಲಿ ಕಾಲುಭಾಗ ಬಂತು.

ಎಂಟು ಮರಕ್ಕೆ ಇನ್ನೂ ಬಣ್ಣ ಹಾಕಿಲ್ಲ. ಒಂದೇ ಮರದಲ್ಲಿ ಒಂದು ಎಲೆ ಕರಿ ಎನ್ನುತ್ತದೆ, ಇನ್ನೊಂದು ಬೆಳ್ಳಿ ಎನ್ನುತ್ತದೆ. ಕಾಯಿ ಕಚ್ಚಿದ ಮೇಲೆ ನೋಡುತ್ತೇನೆ. ಬೀಜದ ನಡುವೆ ಮಣಿಸರದಂತೆ ಒತ್ತಿಕೊಂಡಿದ್ದರೆ ಕೆಂಪು ಬಣ್ಣ.