ಲಾಂಗ್ ರನ್ ಆದಮೇಲೆ ಬರುವ ನೆಗಡಿ ನಿಂತದ್ದು ಹೀಗೆ

ಉಣಕಲ್ ಕೆರೆ ಕಡೆ ಭಾನುವಾರ ಎರಡು ತಾಸಿನ ಓಟ ಮುಗಿಸಿದರೆ ಮಂಗಳವಾರ ಗಂಟಲು ಕೆರೆತ, ಬುಧವಾರ ಮೂಗು ಬಂದ್. ವಿಟಮಿನ್ ಸಿ ಮಾತ್ರೆ, ಶುಂಠಿ ಕಷಾಯ, ತಣ್ಣೀರು ಬಿಟ್ಟದ್ದು ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಕೆಲಸ ಮಾಡಿದ್ದು ಓಟದ ನಡುವೆ ತಿನ್ನುವುದು. 90 ನಿಮಿಷ ದಾಟುವ ಓಟವನ್ನು ಖಾಲಿ ಹೊಟ್ಟೆಯಲ್ಲಿ ಓಡಿದರೆ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಹೆಚ್ಚು ಏರುತ್ತದೆ, ಅದರಿಂದ ನೆಗಡಿ ತಡೆಯುವ ಶಕ್ತಿ ಕುಗ್ಗಬಹುದು. ಅರ್ಧ ಲೀಟರ್ ನೀರಿಗೆ 30 ಗ್ರಾಂ ಬೆಲ್ಲ, ಅರ್ಧ ನಿಂಬೆಹಣ್ಣು, ಚಿಟಿಕೆ ಉಪ್ಪು. ತಾಸಿಗೆ ಒಂದು ಬಾಟಲಿ, 20 ನಿಮಿಷಕ್ಕೊಮ್ಮೆ ನಾಲ್ಕೈದು ಗುಟುಕು. ಜೊತೆಗೆ ತಾಸಿಗೊಂದು ಬಾಳೆಹಣ್ಣು. ಹಸಿವಾಗುವ ತನಕ ಕಾಯಬಾರದು, ಮೊದಲ ಗುಟುಕು 20ನೇ ನಿಮಿಷಕ್ಕೇ. ನಿಂತ ಕೂಡಲೇ ಒದ್ದೆ ಅಂಗಿ ಬದಲಿಸಿ, ಅರ್ಧ ತಾಸಿನೊಳಗೆ ಅವಲಕ್ಕಿ, ಮೊಟ್ಟೆ. ಗಿರಮಿಟ್ಟು-ಮಿರ್ಚಿ ಆಮೇಲೆ.

ಜ್ವರ ಅಥವಾ ಎದೆಯಲ್ಲಿ ಕಫ ಇದ್ದರೆ ಓಟ ಪೂರ್ತಿ ಬಂದ್. ಬರೀ ಮೂಗು ಸೋರಿದರೆ 30 ನಿಮಿಷ ನಿಧಾನ ಓಟ.